ಮೇಲಧಿಕಾರಿ ಮುಂದೆ ಬಾಯಿ ಜಾರಿದ ಮೇಲೆ

"ಮೇಡಂ ಮುಂದ ಏನೋ ಅಂದುಬಿಟ್ಟೀನ್ರಿ, ಈಗ ನೌಕರಿ ಹೋಗ್ತದೇನ್ರಿ?" ಈ ಪ್ರಶ್ನೆ ಹಿಡಿದುಕೊಂಡು ಬರುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಕಲಬುರಗಿಯ ಕೆಲವು ಸಂಸ್ಥೆಗಳಲ್ಲಿ ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಆಂತರಿಕ ಸಮಿತಿಯಲ್ಲಿ ನಾನು ಹೊರಗಿನ ಸದಸ್ಯೆ. ಬ್ಯಾಂಕು, ಬೇಳೆ ಮಿಲ್ಲು, ಸಿಮೆಂಟ್ ಕಾರ್ಖಾನೆ, ಆಸ್ಪತ್ರೆ, ಎಲ್ಲ ಕಡೆಯವರೂ ಕೇಳುತ್ತಾರೆ. ಬಹಳ ಜನರಲ್ಲಿ ಕೆಟ್ಟ ಮನಸ್ಸು ಇರುವುದಿಲ್ಲ. ಆದರೆ ಮಾತು ಆಡಿದ ಮೇಲೆ ಅದನ್ನು ಸರಿಮಾಡಲು ಹೋಗಿ ಇನ್ನಷ್ಟು ಕೆಡಿಸಿಕೊಂಡಿರುತ್ತಾರೆ.

ನಮ್ಮ ಕಡೆ ವಿಚಾರಿಸಿಕೊಳ್ಳುವುದೇ ಪ್ರೀತಿ. ಊಟ ಆತೇನ್ರಿ, ಮಕ್ಕಳೆಷ್ಟು, ಯಾಕ್ರಿ ಇಷ್ಟು ಸೊರಗೀರಿ ಎಂದು ಕೇಳದಿದ್ದರೆ "ಮಾತೇ ಆಡಲ್ಲ" ಅಂತ ಬೇಜಾರು ಮಾಡಿಕೊಳ್ಳುವ ಜನ ನಾವು. ಓಣಿಯಲ್ಲಿ ಇದು ಚೆಂದ. ಕಚೇರಿಯಲ್ಲಿ ಎದುರಿಗಿರುವವರು ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದಿರುತ್ತಾರೆ. ಮನೆಯವರು ಊರಲ್ಲಿ, ಇವರು ಇಲ್ಲಿ ಬಾಡಿಗೆ ಮನೆಯಲ್ಲಿ ಒಬ್ಬರೇ. ನಿಮ್ಮ ಸಲಿಗೆ ಅವರಿಗೆ ಸಲಿಗೆಯಾಗಿ ಕಾಣಲೇಬೇಕು ಅಂತ ಏನಿಲ್ಲ. ಅವರು ನಿಮ್ಮ ಮೇಲಿನವರಾದ್ದರಿಂದ ಇನ್ನೊಂದು ತೊಡಕೂ ಇದೆ: ಎಲ್ಲರ ಮುಂದೆ ಸಿಟ್ಟು ತೋರಿಸಿದರೆ "ದಿಮಾಕು" ಅನ್ನಿಸಿಕೊಳ್ಳುತ್ತಾರೆ, ಸುಮ್ಮನಿದ್ದರೆ "ಏನೂ ಅನ್ನಲ್ಲ" ಅಂತ ಮಾತು ಬೆಳೆಯುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ಇಂಥ ದೂರುಗಳ ಗುಟ್ಟು ಕಾಯಬೇಕೆಂದು ಕಾನೂನೇ ಹೇಳುತ್ತದೆ. ಹಾಗಾಗಿ ಕೆಲವು ಪ್ರಕರಣಗಳನ್ನು ಬೆರೆಸಿ, ಗುರುತು ಸಿಗದಂತೆ ಬದಲಿಸಿದ್ದೇನೆ. ಸಾಲ ಕೊಡುವ ಕಚೇರಿ, ಸೋಮವಾರದ ರಿವ್ಯೂ ಮೀಟಿಂಗ್. ಮ್ಯಾನೇಜರ್ ರಜೆ ಮುಗಿಸಿ ಬಂದು ಕುಳಿತಿದ್ದಾರೆ. ಒಬ್ಬ ಹುಡುಗ ನಗುತ್ತಾ, "ಏನ್ ಮೇಡಂ, ಮೈ ತುಂಬ್ಕೊಂಡ್ ಬಂದೀರಿ, ಏನರ ವಿಶೇಷ ಅದ ಏನ್ರಿ?" ಎಂದ. ಇಬ್ಬರು ಕಿಸಕ್ಕನೆ ನಕ್ಕರು. ಮೇಡಂ ತಲೆ ಎತ್ತಲಿಲ್ಲ. "ಜೇವರ್ಗಿ ಕಡೆ ಕಲೆಕ್ಷನ್ ಎಷ್ಟಾಯ್ತು ಹೇಳಿ" ಎಂದರು.

ತಪ್ಪಾಯಿತು ಅಂತ ಹುಡುಗನಿಗೆ ಆಗಲೇ ಹೊಳೆಯಿತು. ಸಂಜೆ ವಾಟ್ಸಾಪ್ ಮಾಡಿದ: "ಸಾರಿ ಮೇಡಂ, ಸುಮ್ನೆ ಮಜಾಕ್ ಮಾಡಿದೆ." ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ರಾತ್ರಿ ಹತ್ತಕ್ಕೆ, "ನೀವು ನನ್ನ ಅಕ್ಕನ ಸಮಾನ." ಹನ್ನೊಂದಕ್ಕೆ, "ಸಿಟ್ಟು ಬಂದದೇನ್ರಿ ಮೇಡಂ?" ಬೆಳಿಗ್ಗೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್. ದೂರು ಬಂದಾಗ ಅದರ ಜೊತೆ ಆ ಮೆಸೇಜುಗಳ ಪ್ರಿಂಟ್ ಇತ್ತು. ಅವರನ್ನು ಜಾಸ್ತಿ ಹೆದರಿಸಿದ್ದು ಮೀಟಿಂಗಿನ ಮಾತಲ್ಲ, ರಾತ್ರಿಯ ಆ ಮೆಸೇಜುಗಳು.

ಒಂದೊಂದನ್ನೇ ಅವರ ಜಾಗದಲ್ಲಿ ನಿಂತು ಓದಿ ನೋಡಿ. "ಮಜಾಕ್ ಮಾಡಿದೆ" ಅಂದರೆ ನಗದೇ ಇದ್ದದ್ದು ಅವರ ತಪ್ಪು ಅಂದ ಹಾಗಾಯಿತು. "ಅಕ್ಕನ ಸಮಾನ" ಅನ್ನುವಾಗ ಅವರು ಕೇಳದ ಸಂಬಂಧವನ್ನು ಮತ್ತೆ ಅವರ ಮೇಲೆ ಹೊರಿಸಿದ ಹಾಗೆ. "ಸಿಟ್ಟು ಬಂದದೇನ್ರಿ" ಅಂದರೆ ನೋವಾದವರೇ ನಿಮಗೆ ಸಮಾಧಾನ ಹೇಳಬೇಕು. ಅದೂ ರಾತ್ರಿ ಹನ್ನೊಂದು ಗಂಟೆಗೆ!

ಹಾಗಾದರೆ ಏನು ಮಾಡಬೇಕು? ಸಾಧ್ಯವಾದರೆ ಅದೇ ದಿನ, ಇಲ್ಲದಿದ್ದರೆ ಮರುದಿನ, ಕಚೇರಿಯ ವೇಳೆಯಲ್ಲೇ ಕ್ಯಾಬಿನ್‌ಗೆ ಹೋಗಿ. ಬಾಗಿಲು ತೆರೆದೇ ಇರಲಿ. ನಿಂತುಕೊಂಡೇ ಹೇಳಿ: "ಮೇಡಂ, ನಿನ್ನೆ ಮೀಟಿಂಗಿನ್ಯಾಗ ನಾ ಆ ಮಾತು ಆಡಬಾರದಿತ್ರಿ. ತಪ್ಪಾಗ್ಯಾದ್ರಿ. ಇನ್ನ ಹಂಗ ಆಗಂಗಿಲ್ರಿ." ಇಷ್ಟೇ. ಆಡಿದ ಮಾತನ್ನು ಮತ್ತೆ ಬಾಯಿಬಿಟ್ಟು ಹೇಳಬೇಡಿ. ಕಾರಣ ಕೊಡಬೇಡಿ. ಅವರು "ಆಯ್ತು" ಅನ್ನಲಿ, ಅನ್ನದೇ ಇರಲಿ, ಹೊರಗೆ ಬನ್ನಿ. ಎಲ್ಲರ ಮುಂದೆ ಆಡಿದ ಮಾತಿಗೆ ಎಲ್ಲರ ಮುಂದೆಯೇ ಕ್ಷಮೆ ಕೇಳಬೇಕಲ್ವಾ ಅಂತ ಕೆಲವರು ಕೇಳುತ್ತಾರೆ. ಅದು ಅವರಿಗೆ ಬೇಕಿದ್ದರೆ ಮಾತ್ರ. ಇಲ್ಲದಿದ್ದರೆ ಮರೆತವರಿಗೂ ನೀವೇ ನೆನಪು ಮಾಡಿಕೊಟ್ಟ ಹಾಗೆ. ಆಮೇಲೆ ಮಿಠಾಯಿ ಡಬ್ಬಿ, ಅತಿ ವಿನಯ ಯಾವುದೂ ಬೇಡ. ಕೆಲಸ ಸರಿಯಾಗಿ ಮಾಡಿ, ಸಾಕು. ಮೊದಲಿನ ಸಲಿಗೆ ಮರಳಿ ಬರದೇ ಹೋಗಬಹುದು, ಅದನ್ನು ಒಪ್ಪಿಕೊಳ್ಳಬೇಕು.

ಅಂದು ನಕ್ಕ ಆ ಇಬ್ಬರ ಬಗ್ಗೆ ನನಗೆ ಹುಡುಗನ ಮೇಲಿನಷ್ಟೇ ಸಿಟ್ಟಿದೆ. ಅವರು ನಗದಿದ್ದರೆ ಆ ಮಾತು ಅಲ್ಲೇ ಬಿದ್ದುಹೋಗುತ್ತಿತ್ತು.

ಇನ್ನು ಕಾನೂನು. 1997ರಲ್ಲಿ ಸುಪ್ರೀಂ ಕೋರ್ಟ್ ವಿಶಾಖಾ ತೀರ್ಪಿನಲ್ಲಿ ಕೊಟ್ಟ ಸೂಚನೆಗಳ ಬೆನ್ನಿಗೆ 2013ರಲ್ಲಿ ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ ಕಾಯ್ದೆ ಬಂತು. ದೂರು ಕೊಡುವವರು ಕೈಕೆಳಗಿನವರೇ ಆಗಿರಬೇಕು ಅಂತ ಅದರಲ್ಲಿಲ್ಲ, ಮೇಲಧಿಕಾರಿಯೂ ಕೊಡಬಹುದು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಕಚೇರಿಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಘಟನೆ ನಡೆದ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು, ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ಅವಕಾಶ ಕೊಡಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ದಪ್ಪ ಆಗೀರಿ ಅನ್ನುವ ಒಂದೇ ಮಾತು ಈ ಕಾಯ್ದೆಯಡಿ ಬರುತ್ತದೆ ಅಂತ ಹೇಳಲಾಗದು. ಮೈಕಟ್ಟು, ಸೀರೆ, ಮದುವೆಯ ಬಗ್ಗೆ ಅವರಿಗೆ ಬೇಡದ, ಲೈಂಗಿಕ ಛಾಯೆಯ ಮಾತು ಆಡಿದರೆ ಕಾಯ್ದೆಯಡಿ ಬರುತ್ತದೆ. "ನನ್ನ ಮನಸ್ಸಲ್ಲಿ ಏನೂ ಇರಲಿಲ್ಲ" ಅಂದ ಮಾತ್ರಕ್ಕೆ ದೂರು ಬಿದ್ದುಹೋಗುವುದಿಲ್ಲ.

ಮಾತು ಕೇಳಿಸಿಕೊಂಡ ಬಾಸ್ ಗಂಡಸಾದರೆ ಅವರು ಈ ಕಾಯ್ದೆಯಡಿ ದೂರು ಕೊಡಲಾಗದು. ಬೋಳುತಲೆ, ಮೈಬಣ್ಣ, ಮನೆಯ ಜಗಳ ಎತ್ತಿ ಆಡಿದರೆ ಶಿಸ್ತಿನ ನಿಯಮದಡಿ ಮೆಮೊ ಬರಬಹುದು. ಹೊಸ ಸಾಹೇಬರು ಬಂದ ಕೂಡಲೇ "ಯಾರ ಪೈಕಿ?" ಅಂತ ಜಾತಿ ಕೆದಕುವ ಚಾಳಿಯನ್ನಂತೂ ಬಿಟ್ಟೇಬಿಡಬೇಕು. ಪರಿಶಿಷ್ಟ ಜಾತಿ, ಪಂಗಡದವರನ್ನು ಆ ಸಮುದಾಯಕ್ಕೆ ಸೇರದವರು ನಾಲ್ಕು ಜನರ ಮುಂದೆ ಜಾತಿ ಹೆಸರಿನಿಂದ ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ.

ನಮ್ಮ ಭಾಗದ ಇನ್ನೊಂದು ರೂಢಿ ನನಗೆ ಬಹಳ ಚಿಂತೆ ತರುತ್ತದೆ. ನೋಟಿಸ್ ಬಂದ ಕೂಡಲೇ ಲೀಡರ್ ಕಡೆಯಿಂದ ಫೋನ್ ಮಾಡಿಸುವುದು, ಊರ ಹಿರಿಯರನ್ನು ಕರ್ಕೊಂಡು ಮೇಡಂ ಮನೆಗೇ ಹೋಗಿ "ಹುಡುಗ ಬಡವ, ಬಿಟ್ಟುಬಿಡ್ರಿ" ಅನ್ನುವುದು. ಒಬ್ಬರೇ ಇರುವ ಹೆಣ್ಣುಮಗಳ ಬಾಗಿಲಲ್ಲಿ ಸಂಜೆ ಹೊತ್ತು ಐದಾರು ಗಂಡಸರು ನಿಂತರೆ ಅದು ಕೇಳಿಕೊಂಡ ಹಾಗಲ್ಲ, ಒತ್ತಡ ಹಾಕಿದ ಹಾಗೆ. ರಾಜಿಗೆ ಕಾಯ್ದೆಯಲ್ಲೇ ದಾರಿಯಿದೆ. ದೂರು ಕೊಟ್ಟವರು ತಾವಾಗಿ ಕೇಳಿದರೆ ವಿಚಾರಣೆಗೆ ಮೊದಲು ಸಮಿತಿಯೇ ಅದನ್ನು ಮಾಡಿಸಬಹುದು, ಆದರೆ ದುಡ್ಡಿನ ಮೇಲೆ ರಾಜಿ ಆಗುವಂತಿಲ್ಲ. ನಿಮ್ಮ ಕೈಯಲ್ಲಿರುವುದು ಉತ್ತರ ಬರೆಯುವುದು. ನೋಟಿಸಿನಲ್ಲಿ ಹೇಳಿದ ದಿನದೊಳಗೆ, ಆಡಿದ ಮಾತನ್ನು ಆಡಿದ ಹಾಗೇ ಬರೆದು, ಕ್ಷಮೆ ಯಾವತ್ತು ಕೇಳಿದಿರಿ ಅನ್ನುವುದನ್ನೂ ಸೇರಿಸಿ ಸಮಿತಿಗೆ ಕೊಡಿ. ಮೆಸೇಜುಗಳನ್ನು ಅಳಿಸಲು ಹೋಗಬೇಡಿ.