ಮಾಣಿ ಎಷ್ಟಕ್ಕೆ ಹೋದ?

ನನ್ನ ಹತ್ತಿರ ಏಳು ವರ್ಷ ಆಡಿದ ಹುಡುಗನೊಬ್ಬನನ್ನು ಕಳೆದ ವರ್ಷ ಸಣ್ಣದೊಂದು ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗಿನ ಡ್ರಾಫ್ಟಿನಲ್ಲಿ ಆರಿಸಿದರು. ಸುದ್ದಿ ಬಂದ ಸಂಜೆ ಅವನ ಅಪ್ಪ ಶಿರಸಿ ಪೇಟೆಯಲ್ಲಿ ಸಿಕ್ಕರು. ಅಡಿಕೆ ಟೆಂಡರ್ ಮುಗಿಸಿಕೊಂಡು ಬಂದವರು ಕೈ ಹಿಡಿದು ಕೇಳಿದ ಮೊದಲ ಮಾತು: "ಮಾಸ್ತರ್ರೇ, ಮಾಣಿ ಎಷ್ಟಕ್ಕೆ ಹೋದ?"

ಐಪಿಎಲ್ ಮತ್ತು ಪ್ರೊ ಕಬಡ್ಡಿಯ ಹರಾಜನ್ನು ಟೀವಿಯಲ್ಲಿ ನೋಡುವ ನಮಗೆ ಇದು ಸಹಜವಾದ ಪ್ರಶ್ನೆ. ಆದರೆ ಡ್ರಾಫ್ಟಿನಲ್ಲಿ ಯಾರೂ ಇಷ್ಟಕ್ಕೆ ಎಂದು ಹೋಗುವುದಿಲ್ಲ. ಟೆಂಡರಿನಲ್ಲಿ ವ್ಯಾಪಾರಸ್ಥರು ಅಡಿಕೆ ಚಾಲಿಯೋ ಕೆಂಪುಗೋಟೋ ಎಂದು ನೋಡಿ ದರ ಬರೆಯುತ್ತಾರೆ, ಹೆಚ್ಚು ಬರೆದವರಿಗೆ ಮಾಲು. ಡ್ರಾಫ್ಟಿನಲ್ಲಿ ಹಣದ ಮಾತು ಬಹುಮಟ್ಟಿಗೆ ಮೊದಲೇ ಮುಗಿದಿರುತ್ತದೆ. ಉಳಿಯುವುದು ಸರದಿ. ತನ್ನ ಸರದಿ ಬಂದಾಗ ಒಂದು ತಂಡ ಹೆಸರು ಹೇಳಿದರೆ ಆ ಲೀಗಿನ ಮಟ್ಟಿಗೆ ಆಟಗಾರನ ಮೇಲಿನ ಹಕ್ಕು ಅದಕ್ಕೆ. ಪಕ್ಕದ ತಂಡದ ಹತ್ತಿರ ಎಷ್ಟೇ ದುಡ್ಡಿರಲಿ, ಅದು ಕೆಲಸಕ್ಕೆ ಬರುವುದಿಲ್ಲ.

ಹಣವಿದ್ದ ತಂಡಗಳೇ ಒಳ್ಳೆಯವರನ್ನೆಲ್ಲ ಬಾಚಿಕೊಳ್ಳಬಾರದು ಎಂದು ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ 1936ರಲ್ಲಿ ಈ ಪದ್ಧತಿ ತಂದಿತು. ಬ್ಯಾಸ್ಕೆಟ್‌ಬಾಲ್‌ಗೆ ಅದು ಬಂದದ್ದು 1947ರಲ್ಲಿ. ಹಿಂದಿನ ವರ್ಷ ಪಟ್ಟಿಯ ಕೆಳಗಿದ್ದ ತಂಡಕ್ಕೆ ಮೊದಲ ಸರದಿ ಕೊಟ್ಟರೆ ಬೇಕೆಂದೇ ಸೋಲುವವರು ಹುಟ್ಟಿಕೊಳ್ಳುತ್ತಾರೆ. ಆ ಅನುಮಾನ ಬಲವಾದಾಗ ಅಮೆರಿಕದ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ 1985ರಲ್ಲಿ ಮೊದಲ ಸರದಿ ಯಾರಿಗೆ ಎನ್ನುವುದಕ್ಕೆ ಲಾಟರಿ ಸೇರಿಸಿತು. 2019ರಲ್ಲಿ ಕೊನೆಯ ಮೂರು ತಂಡಗಳಿಗೂ ಮೊದಲ ಸರದಿಯ ಅವಕಾಶವನ್ನು ಶೇ 14ಕ್ಕೆ ಸಮ ಮಾಡಿದರು.

ಇಷ್ಟು ದೊಡ್ಡ ಲೀಗಿನ ಕತೆ. ನಮ್ಮ ಮಕ್ಕಳಿಗೆ ತಿಳಿದಿರಬೇಕಾದದ್ದು ಅದರ ಕೆಳಗಿನ ಲೀಗಿನ ಡ್ರಾಫ್ಟ್, ಅದರ ನಡೆ ಬೇರೆಯೇ. ಎನ್‌ಬಿಎ ಕೆಳಗಿನ ಜಿ ಲೀಗ್ 2001ರಲ್ಲಿ ಎಂಟು ತಂಡಗಳಿಂದ ಶುರುವಾಯಿತು, ಡಿ ಲೀಗ್ ಎಂದಿದ್ದ ಹೆಸರು 2017ರಲ್ಲಿ ಬದಲಾಯಿತು. ಅಲ್ಲಿ ಸಾಮಾನ್ಯ ಆಟಗಾರ ಸಹಿ ಹಾಕುವುದು ತಂಡದ ಜೊತೆಗಲ್ಲ, ಲೀಗಿನ ಜೊತೆ. ಡ್ರಾಫ್ಟ್ ಅವರನ್ನು ತಂಡಗಳಿಗೆ ಹಂಚುತ್ತದೆ. ಎನ್‌ಬಿಎಯಲ್ಲಿ ಎರಡೇ ಸುತ್ತು, ಇಲ್ಲಿ ಅದಕ್ಕಿಂತ ಹೆಚ್ಚು. ಸರದಿ ಹೋಗುವ ರೀತಿಯನ್ನು ಹುಡುಗರಿಗೆ ಗದ್ದೆ ಉಳುವುದನ್ನು ನೆನಪಿಸಿ ಹೇಳುತ್ತೇನೆ. ಎತ್ತು ಸಾಲಿನ ತುದಿ ಮುಟ್ಟಿ ಅಲ್ಲಿಂದಲೇ ತಿರುಗಿ ಬರುತ್ತದಲ್ಲ, ಹಾಗೆ. ಮೊದಲ ಸುತ್ತಿನಲ್ಲಿ ಕೊನೆಯಲ್ಲಿದ್ದ ತಂಡ ಎರಡನೇ ಸುತ್ತನ್ನು ಶುರುಮಾಡುತ್ತದೆ, ಅದಕ್ಕೆ ಬೆನ್ನುಬೆನ್ನಿಗೆ ಇಬ್ಬರು ಸಿಗುತ್ತಾರೆ.

ನಾನು ಇಲ್ಲಿ ಮುಖ್ಯವಾಗಿ ಹೇಳಬೇಕೆಂದಿರುವುದು ಬೇರೆ. ಕೆಳಗಿನ ಲೀಗಿನಲ್ಲಿ ಡ್ರಾಫ್ಟ್ ದಿನ ಬರುವಷ್ಟರಲ್ಲಿ ತಂಡ ಅರ್ಧ ತುಂಬಿರುತ್ತದೆ. ಮೇಲಿನ ಎನ್‌ಬಿಎ ತಂಡ ಕಳಿಸಿದವರು ಇದ್ದಾರೆ. ಎರಡೂ ಕಡೆ ಆಡುವ ಒಪ್ಪಂದದವರು ಇದ್ದಾರೆ. ಹಿಂದಿನ ವರ್ಷದವರು ಮರಳಿರುತ್ತಾರೆ, ಊರಿನ ಟ್ರೈಔಟಿನಲ್ಲಿ, ಅಂದರೆ ಆಯ್ಕೆ ಪರೀಕ್ಷೆಯಲ್ಲಿ, ಗೆದ್ದ ಒಬ್ಬಿಬ್ಬರೂ ಸೇರಿರುತ್ತಾರೆ. ಅಂಕ ಹೊಡೆಯುವವರೆಲ್ಲ ಆಗಲೇ ಒಳಗಿದ್ದಾರೆ. ಕೋಚ್ ಮುಂದೆ ಇರುವುದು ಉಳಿದ ಖಾಲಿ ಜಾಗ. ಅವನು ಎಲ್ಲರಿಗಿಂತ ಒಳ್ಳೆಯ ಆಟಗಾರನನ್ನು ಹುಡುಕುತ್ತಿಲ್ಲ, ಆ ಖಾಲಿ ಜಾಗದ ಕೆಲಸ ಗೊತ್ತಿದ್ದವನನ್ನು ಹುಡುಕುತ್ತಿದ್ದಾನೆ.

ಇದು ನನಗೆ ಅರ್ಥವಾದದ್ದು ನನ್ನದೇ ಇಬ್ಬರು ಹುಡುಗರಿಂದ. ಒಬ್ಬ ಜಿಲ್ಲಾ ಪಂದ್ಯಗಳಲ್ಲಿ ಮೂವತ್ತು ಅಂಕ ಹೊಡೆಯುತ್ತಿದ್ದ. ಅವನು ಬಂದ ಎಂದರೆ ಕಾರವಾರದಿಂದ ಭಟ್ಕಳದವರೆಗೆ ಎಲ್ಲ ತಂಡದವರೂ ಹೆದರುತ್ತಿದ್ದರು. ಇನ್ನೊಬ್ಬ ಎಂದೂ ಹತ್ತು ಅಂಕ ದಾಟಿದವನಲ್ಲ. ಎದುರಾಳಿ ಗಾರ್ಡಿಗೆ ಅಡ್ಡ ನಿಂತು ನಮ್ಮವನಿಗೆ ದಾರಿ ಬಿಡಿಸಿಕೊಡುವುದು, ಬುಟ್ಟಿಗೆ ಬೀಳದೆ ಪುಟಿದ ಚೆಂಡು (ರಿಬೌಂಡ್) ಹಿಡಿಯುವುದು, ಬಲ ಮೂಲೆಯಿಂದ ಮೂರು ಅಂಕದ ಶಾಟ್ ಹಾಕುವುದು, ಇಷ್ಟೇ ಅವನ ಆಟ. ಡ್ರಾಫ್ಟಿಗೆ ಇಬ್ಬರೂ ಹೆಸರು ಕೊಟ್ಟಿದ್ದರು. ಆಯ್ಕೆಯಾದವನು ಎರಡನೆಯವನು. ಮೊದಲನೆಯವನಿಗೆ ಅಷ್ಟು ವರ್ಷ ಚೆಂಡನ್ನು ಅವನ ಕೈಗೇ ಕೊಡಿಸಿ ಆಡಿಸಿದವನು ನಾನು, ಚೆಂಡಿಲ್ಲದೆ ಆಡುವುದನ್ನು ಕಲಿಸಲಿಲ್ಲ. ಆ ತಪ್ಪು ನನ್ನದು. ಈಗಲೂ ಅವನ ಮುಖ ನೋಡುವಾಗ ಸಂಕಟವಾಗುತ್ತದೆ.

ಅಂದಿನಿಂದ ಹದಿನೈದು ದಾಟಿದ ಪ್ರತಿ ಹುಡುಗ, ಹುಡುಗಿಗೂ ಒಂದು ಪ್ರಶ್ನೆ ಕೇಳುತ್ತೇನೆ: ನಿನ್ನ ಕೈಗೆ ಚೆಂಡೇ ಬರದಿದ್ದರೆ ತಂಡಕ್ಕೆ ಏನು ಮಾಡಿಕೊಡುತ್ತೀಯ? ಉತ್ತರ ಇಲ್ಲದಿದ್ದರೆ ಅಭ್ಯಾಸ ಅಲ್ಲಿಂದಲೇ ಶುರು.

ಆಯ್ಕೆಯಾಯಿತು ಎಂದರೆ ಕೆಲಸ ಸಿಕ್ಕಿತು ಎಂದೂ ಅಲ್ಲ. ತರಬೇತಿ ಶಿಬಿರದಲ್ಲಿ ಒಂದು ಜಾಗ ಸಿಕ್ಕಿತು, ಅಷ್ಟೇ. ಪಂಜಾಬಿನ ಪಾಲ್‌ಪ್ರೀತ್ ಸಿಂಗ್ ಬ್ರಾರ್ ಅವರನ್ನು 2016ರ ಡಿ ಲೀಗ್ ಡ್ರಾಫ್ಟಿನಲ್ಲಿ ಲಾಂಗ್ ಐಲ್ಯಾಂಡ್ ನೆಟ್ಸ್ ಆರಿಸಿತು, ಪಂದ್ಯಗಳು ಶುರುವಾಗುವ ಮೊದಲೇ ಕೈಬಿಟ್ಟಿತು. ಮರುವರ್ಷ ಅಮ್ಜ್ಯೋತ್ ಸಿಂಗ್ ಅವರನ್ನು ಆರಿಸಿದ ಒಕ್ಲಹೋಮಾ ಸಿಟಿ ಬ್ಲೂ ತಂಡ ಅವರನ್ನು ಆಡಿಸಿತು. 2015ರಲ್ಲಿ ಡಲ್ಲಾಸ್ ಮ್ಯಾವೆರಿಕ್ಸ್ 52ನೆಯವರಾಗಿ ಆರಿಸಿದ ಏಳಡಿ ಎರಡಿಂಚಿನ ಸತ್ನಾಮ್ ಸಿಂಗ್ ಎನ್‌ಬಿಎ ಡ್ರಾಫ್ಟಿನಲ್ಲಿ ಆಯ್ಕೆಯಾದ ಮೊದಲ ಭಾರತೀಯ. ಅವರು ಆಡಿದ್ದು ಕೆಳಗಿನ ಟೆಕ್ಸಾಸ್ ಲೆಜೆಂಡ್ಸ್‌ಗೆ, ಎನ್‌ಬಿಎ ಲೀಗ್ ಪಂದ್ಯವೊಂದರಲ್ಲೂ ಅಂಗಳಕ್ಕೆ ಇಳಿಯಲಿಲ್ಲ. ತದ್ವಿರುದ್ಧ ದಾರಿ ಹಿಡಿದವರು ಜೊನಾಥನ್ ಸಿಮನ್ಸ್. ಅವರನ್ನು ಎನ್‌ಬಿಎ ಡ್ರಾಫ್ಟಿನಲ್ಲಿ ಯಾರೂ ಆರಿಸಲಿಲ್ಲ. 2013ರಲ್ಲಿ 150 ಡಾಲರ್ ಕಟ್ಟಿ ಕೆಳಗಿನ ಲೀಗಿನ ಆಸ್ಟಿನ್ ತಂಡದ ಟ್ರೈಔಟಿಗೆ ಹೋದರು, ಎರಡು ವರ್ಷದ ಮೇಲೆ ಎನ್‌ಬಿಎ ತಂಡ ಸ್ಯಾನ್ ಆಂಟೋನಿಯೊ ಸ್ಪರ್ಸ್‌ಗೆ ಆಡಿದರು.

ಮನೆಯವರಿಗೆ ಒಂದು ಮಾತು. ಎಲ್ಲೇ ಆಗಲಿ, ಸಹಿ ಹಾಕುವ ಮೊದಲು ಮೂರು ವಿಷಯ ಕೇಳಿ. ಶಿಬಿರದಲ್ಲಿ ಊಟ, ವಸತಿ ಯಾರದು? ಮೊಣಕಾಲು ಪೆಟ್ಟಾದರೆ ಚಿಕಿತ್ಸೆಯ ಖರ್ಚು ಯಾರದು? ನಡುವೆ ಕೈಬಿಟ್ಟರೆ ಆ ದಿನದವರೆಗಿನ ಹಣ ಬರುತ್ತದೆಯೋ ಇಲ್ಲವೋ? ಕೇಳಲು ಸಂಕೋಚ ಬೇಡ, ಮಾತಿಗಿಂತ ಬರಹದಲ್ಲಿ ಉತ್ತರ ತೆಗೆದುಕೊಳ್ಳಿ.

ನಮ್ಮ ಮಾಣಿಯನ್ನು ಶಿಬಿರದ ಹನ್ನೆರಡನೇ ದಿನ ಕೈಬಿಟ್ಟರು. ಶಾಟ್ ಸರಿ ಇದೆ, ಚೆಂಡು ಕೈಯಿಂದ ಬಿಡುವುದು ತಡ ಎಂದರಂತೆ. ರಾತ್ರಿ ಬಸ್ಸಿಗೆ ಬಂದವನು ಬೆಳಿಗ್ಗೆ ಚೀಲ ಹಿಡಿದು ನೇರ ನನ್ನ ಮನೆಗೇ ಬಂದ. ನಮ್ಮದು ತೆರೆದ ಸಿಮೆಂಟ್ ಕೋರ್ಟು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾಚಿ ಕಟ್ಟಿ ಕಾಲಿಡಲಿಕ್ಕೆ ಆಗುವುದಿಲ್ಲ. ಈ ಸಲ ಮಳೆ ಬಿಟ್ಟ ಮೇಲೆ ಇಬ್ಬರೂ ಸೇರಿ ಪಾಚಿ ಕೆರೆದೆವು. ಈಗ ದಿನಕ್ಕೆ ಮುನ್ನೂರು ಶಾಟ್, ಎಲ್ಲವೂ ಬಲ ಮೂಲೆಯಿಂದ, ಚೆಂಡು ಕೈಗೆ ಬಂದ ಕ್ಷಣವೇ ಬಿಡಬೇಕು. ಕೊನೆಕೊಯ್ಲಿನ ಕೆಲಸ ಬೇಗ ಮುಗಿದ ದಿನ ಅವನ ಅಪ್ಪ ಬಂದು ಬುಟ್ಟಿಯ ಕೆಳಗೆ ನಿಂತು ಚೆಂಡು ಎತ್ತಿ ಕೊಡುತ್ತಾರೆ. ಮುನ್ನೂರರಲ್ಲಿ ಎಷ್ಟು ಬಿತ್ತು ಎಂದು ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಡುತ್ತಾರೆ.