ನ್ಯೂಮೆರಸ್ ಕ್ಲಾಸಸ್: ಯಹೂದಿ ಎಂಬ ಹೆಸರೇ ಇಲ್ಲದ ಯಹೂದಿ ವಿರೋಧಿ ಕಾನೂನು

ಇಷ್ಟು ಜನರಿಗೆ ಮಾತ್ರ ಪ್ರವೇಶ ಎಂದು ಹಾಕುವ ಮಿತಿಗೆ ಲ್ಯಾಟಿನ್‌ನಲ್ಲಿ ನ್ಯೂಮೆರಸ್ ಕ್ಲಾಸಸ್ ಎನ್ನುತ್ತಾರೆ. ಜರ್ಮನಿಯಲ್ಲಿ ಮೆಡಿಕಲ್ ಸೀಟುಗಳ ವಿಷಯದಲ್ಲಿ ಈ ಮಾತು ಇಂದಿಗೂ ಬಳಕೆಯಲ್ಲಿದೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಎರಡು ಮಹಾಯುದ್ಧಗಳ ನಡುವಿನ ಯುರೋಪಿನ ಚರಿತ್ರೆಯಲ್ಲಿ ಈ ಪದ ಬಂದರೆ, ಅದು ಯಹೂದಿ ಮಕ್ಕಳನ್ನು ವಿಶ್ವವಿದ್ಯಾಲಯದಿಂದ ದೂರ ಇಡುವ ನಿಯಮ.

ಹಿಟ್ಲರ್ ಬಂದ ಮೇಲೆಯೇ ಇದೆಲ್ಲ ಶುರುವಾಯಿತು ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಹಂಗೇರಿಯ ಸಂಸತ್ತು ಈ ಕಾನೂನು ಮಾಡಿದ್ದು 1920ರ ಸೆಪ್ಟೆಂಬರ್‌ನಲ್ಲಿ. ಹಿಟ್ಲರ್ ಅಧಿಕಾರಕ್ಕೆ ಬರಲು ಇನ್ನೂ 12 ವರ್ಷ ಇತ್ತು.

ಆಗ ಹಂಗೇರಿ ಮೊದಲ ಮಹಾಯುದ್ಧದಲ್ಲಿ ಸೋತಿತ್ತು. 1919ರಲ್ಲಿ ಬೇಲಾ ಕುನ್ ನಡೆಸಿದ ಕಮ್ಯುನಿಸ್ಟ್ ಸರ್ಕಾರ 133 ದಿನಕ್ಕೆ ಬಿದ್ದುಹೋಯಿತು. ಕುನ್ ಯಹೂದಿ ಮೂಲದವನಾದ್ದರಿಂದ ಇಡೀ ಸಮುದಾಯದ ಮೇಲೆ ಗೂಬೆ ಕೂರಿಸಲಾಯಿತು. 1920ರ ಜೂನ್‌ನಲ್ಲಿ ಯುದ್ಧ ಗೆದ್ದ ದೇಶಗಳ ಜೊತೆ ಟ್ರಿಯಾನನ್ ಶಾಂತಿ ಒಪ್ಪಂದವಾಗಿ ದೇಶದ ಮೂರರಲ್ಲಿ ಎರಡು ಭಾಗ ನೆಲ ಕೈಬಿಟ್ಟಿತು. ಕಳೆದುಕೊಂಡ ಊರುಗಳಿಂದ ಗುಮಾಸ್ತರು, ಮೇಷ್ಟ್ರುಗಳು, ಅಧಿಕಾರಿಗಳು ಕುಟುಂಬ ಸಮೇತ ಬುಡಾಪೆಸ್ಟ್‌ಗೆ ಬಂದಿಳಿದರು. ಕೆಲಸ ಕಡಿಮೆ, ಓದಿದವರು ಜಾಸ್ತಿ. ಬಲಪಂಥೀಯ ವಿದ್ಯಾರ್ಥಿ ಗುಂಪುಗಳು ಯಹೂದಿ ಸಹಪಾಠಿಗಳನ್ನು ತರಗತಿಯಿಂದ ಹೊಡೆದು ಓಡಿಸುತ್ತಿದ್ದವು. ಹೊಡೆದವರನ್ನು ಹಿಡಿಯುವ ಬದಲು ಸರ್ಕಾರ ಅವರ ಬೇಡಿಕೆಯನ್ನೇ ಕಾನೂನು ಮಾಡಿತು. ದ್ವೇಷ ರಾಜಕೀಯವಾಗುವುದು ಎಂದರೆ ಇದೇ: ಬೀದಿಯಲ್ಲಿ ಕೂಗಿದ್ದು ಸಂಸತ್ತಿನಲ್ಲಿ ಪಾಸಾಗುವುದು.

ಕಾನೂನಿನಲ್ಲಿ ಯಹೂದಿ ಎಂಬ ಪದವೇ ಇರಲಿಲ್ಲ. ಪ್ರತಿ ಜನಾಂಗಕ್ಕೂ ಜನಸಂಖ್ಯೆಗೆ ತಕ್ಕಷ್ಟು ಸೀಟು ಎಂದಷ್ಟೇ ಇತ್ತು. ಕೇಳಲು ನ್ಯಾಯವಾಗಿದೆ, ಅಲ್ವಾ? ಆದರೆ ಜನಸಂಖ್ಯೆಯಲ್ಲಿ ಸುಮಾರು 6% ಇದ್ದ ಯಹೂದಿಗಳು ಯುದ್ಧಕ್ಕೆ ಮೊದಲು ವಿದ್ಯಾರ್ಥಿಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚಿದ್ದರು. ಪೆಟ್ಟು ಬಿದ್ದದ್ದು ಅವರಿಗೇ. ಇನ್ನೊಂದು ಮಾತು ಮುಖ್ಯ. 1867ರಲ್ಲಿ ಸಮಾನ ಹಕ್ಕು ಸಿಕ್ಕ ಮೇಲೆ ಹಂಗೇರಿಯ ಯಹೂದಿಗಳು ಕಾನೂನಿನ ಪ್ರಕಾರ ಬೇರೆ ಧರ್ಮದ ಹಂಗೇರಿಯನ್ನರಾಗಿದ್ದರು. ಈಗ ಅವರನ್ನು ಬೇರೆಯೇ ಜನಾಂಗ ಎಂದು ಎಣಿಸಲಾಯಿತು. ಸೀಟು ಹೋದದ್ದಕ್ಕಿಂತ ಇದು ದೊಡ್ಡ ಏಟು ಎಂದು ನನಗನ್ನಿಸುತ್ತದೆ.

ಇದನ್ನು ನಮ್ಮ ಮೀಸಲಾತಿಯ ಜೊತೆ ಕಲಸಬಾರದು. ಮೀಸಲಾತಿ ಹಿಂದುಳಿದವರಿಗೆ ಇಷ್ಟಾದರೂ ಸಿಗಲಿ ಎನ್ನುತ್ತದೆ. ಇದು ಒಂದು ಸಮುದಾಯಕ್ಕೆ ಇದಕ್ಕಿಂತ ಹೆಚ್ಚು ಸಿಗಕೂಡದು ಎನ್ನುತ್ತಿತ್ತು.

ಸೀಟು ಸಿಗದವರು ವಿಯೆನ್ನಾ, ಪ್ರಾಗ್, ಬರ್ಲಿನ್‌ಗಳಿಗೆ ಓದಲು ಹೋದರು. ಮುಂದೆ ಅಣುವಿಜ್ಞಾನಿಯಾದ ಎಡ್ವರ್ಡ್ ಟೆಲ್ಲರ್ 1926ರಲ್ಲಿ ಬುಡಾಪೆಸ್ಟ್ ಬಿಟ್ಟು ಜರ್ಮನಿಗೆ ಹೋದ. ದೂರು ರಾಷ್ಟ್ರಸಂಘದ (ವಿಶ್ವಸಂಸ್ಥೆಗೆ ಮುಂಚೆ ಇದ್ದ ಲೀಗ್ ಆಫ್ ನೇಷನ್ಸ್) ತನಕ ಹೋಯಿತು. 1928ರಲ್ಲಿ ಜನಾಂಗದ ಮಾತು ತೆಗೆದು, ತಂದೆಯ ಉದ್ಯೋಗ ನೋಡಿ ಸೀಟು ಕೊಡುವ ನಿಯಮ ತಂದರು. ಸರ್ಕಾರಿ ನೌಕರರ ಮತ್ತು ಮಾಜಿ ಸೈನಿಕರ ಮಕ್ಕಳಿಗೆ ಆದ್ಯತೆ. ವ್ಯಾಪಾರಿಗಳಲ್ಲಿ ಯಹೂದಿಗಳು ಹೆಚ್ಚಿದ್ದರಿಂದ ಬಾಗಿಲು ಪೂರ್ತಿ ತೆರೆಯಲಿಲ್ಲ.

ಬೇರೆ ದೇಶಗಳೂ ಇದೇ ದಾರಿ ಹಿಡಿದವು. ಜರ್ಮನಿ 1933ರ ಏಪ್ರಿಲ್‌ನಲ್ಲಿ ಹೊಸ ಪ್ರವೇಶಕ್ಕೆ 1.5% ಮಿತಿ ಹಾಕಿತು. ಪೋಲೆಂಡಿನಲ್ಲಿ 1937ರ ಹೊತ್ತಿಗೆ ಯಹೂದಿಗಳಿಗೆ ಬೇರೆ ಬೆಂಚು ಬಂತು. ಅನೇಕ ವಿದ್ಯಾರ್ಥಿಗಳು ಅಲ್ಲಿ ಕೂರಲು ಒಪ್ಪದೆ ನಿಂತೇ ಪಾಠ ಕೇಳಿದರು.

ಹಂಗೇರಿ 1938ರಲ್ಲಿ ಹೆಸರು ಹೇಳಿಯೇ ಯಹೂದಿ ಕಾನೂನು ತಂದಿತು. 1939ರ ಎರಡನೆಯ ಕಾನೂನಿನಲ್ಲಿ ಅದೇ 6% ಮಿತಿಯಾಗಿ ಮತ್ತೆ ಬಂತು. ಆಗ ಪ್ರಧಾನಿ ಪಾಲ್ ತೆಲೆಕಿ. 1920ರ ಕಾನೂನು ಪಾಸಾದಾಗಲೂ ಪ್ರಧಾನಿ ಆತನೇ.