ಕಾರನ್ನು ಕತ್ತಲಲ್ಲಿ ನೋಡಿ

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಸಾಮಾನ್ಯವಾಗಿ ಹಗಲು ಹೊತ್ತಿನಲ್ಲೇ ನೋಡಲು ಹೋಗುತ್ತಾರೆ. ಬಾನೆಟ್ ಎತ್ತಿಸಿ, ಟೈರು ನೋಡಿ, ಒಂದು ಸುತ್ತು ಓಡಿಸುತ್ತಾರೆ. ಹೆಡ್‌ಲೈಟ್ ಹಾಕಿದಾಗ ಹತ್ತಿತು ಅಂದರೆ ಮುಗಿಯಿತು, ಮುಂದಿನ ಮಾತು ರೇಟಿನದ್ದು. ಶಿವಮೊಗ್ಗ ಪೇಟೆಯೊಳಗೇ ಓಡುವ ಕಾರಿಗೆ ಅಷ್ಟು ಸಾಕಾದೀತು. ತೀರ್ಥಹಳ್ಳಿ ದಾಟಿ ಆಗುಂಬೆ ಘಾಟಿಗೋ, ಹೊಸನಗರದ ಕಡೆಯಿಂದ ಹುಲಿಕಲ್ ಘಾಟಿಗೋ ಇಳಿಯಬೇಕಾದ ಕಾರಿಗೆ ಖಂಡಿತ ಸಾಲದು.

ಲೆಕ್ಕ ಹಾಕಿ ನೋಡಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಅಡ್ಡ ಬಂದ ದನವನ್ನು ಕಂಡು ಬ್ರೇಕ್ ತುಳಿಯುವಷ್ಟರಲ್ಲಿ ಒಂದೂವರೆ ಸೆಕೆಂಡ್, ಅಂದರೆ 25 ಮೀಟರ್ ಹೋಯಿತು. ಮಳೆಯಲ್ಲಿ ತೊಯ್ದ ಟಾರು ರಸ್ತೆಯಲ್ಲಿ ನಿಲ್ಲಲು ಇನ್ನೂ 35 ಮೀಟರ್ ಬೇಕು. ಒಟ್ಟು 60. ಸರಿಯಾಗಿ ಹೊಂದಿಸಿದ ಡಿಮ್ ಲೈಟು ಚೆನ್ನಾಗಿ ತೋರಿಸುವುದೂ ಹೆಚ್ಚೂಕಡಿಮೆ ಅಷ್ಟೇ ದೂರವನ್ನು. ಕೈಯಲ್ಲಿ ಉಳಿತಾಯವೇ ಇಲ್ಲ. ಆದ್ದರಿಂದ ಸೂರ್ಯ ಮುಳುಗಿದ ಮೇಲೆ ಒಮ್ಮೆ ಕಾರನ್ನು ನೋಡದೆ ಅಡ್ವಾನ್ಸ್ ಕೊಡಬೇಡಿ.

ಮೊದಲ ಪರೀಕ್ಷೆಗೆ ಬೇಕಾದದ್ದು ಸಮತಟ್ಟಾದ ಅಂಗಳ, ಒಂದು ಗೋಡೆ, ಅಳತೆ ಟೇಪು. ಅಡಿಕೆ ಒಣಗಿಸುವ ಸಿಮೆಂಟಿನ ಅಂಗಳ ಇದಕ್ಕೆ ಹೇಳಿ ಮಾಡಿಸಿದ ಜಾಗ. ಟೈರಿನ ಗಾಳಿ ಸರಿಯಿರಲಿ, ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಿರಲಿ, ಲೈಟಿನ ಎತ್ತರ ಬದಲಿಸುವ ಚಕ್ರ ಡ್ಯಾಶ್‌ಬೋರ್ಡಿನಲ್ಲಿದ್ದರೆ ಅದು ಸೊನ್ನೆಯಲ್ಲಿರಲಿ. ಕಾರನ್ನು ಗೋಡೆಗೆ ನೇರವಾಗಿ, 10 ಮೀಟರ್ ದೂರದಲ್ಲಿ ನಿಲ್ಲಿಸಿ ಡಿಮ್ ಹಾಕಿ. ಗೋಡೆಯ ಮೇಲೆ ಬೆಳಕಿಗೂ ಕತ್ತಲಿಗೂ ನಡುವೆ ಒಂದು ಗೆರೆ ಕಾಣಬೇಕು. ಲೈಟಿನ ನಡುಭಾಗ ನೆಲದಿಂದ 65 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಗೋಡೆಯ ಗೆರೆ 55ರ ಆಸುಪಾಸಿನಲ್ಲಿರಬೇಕು, ಅಂದರೆ ಹತ್ತು ಮೀಟರಿಗೆ ಹತ್ತು ಸೆಂಟಿಮೀಟರ್ ಇಳಿತ. ಗೆರೆಯ ಬಲಭಾಗ ಮಟ್ಟಸವಾಗಿದ್ದು, ಎಡಭಾಗ ಓರೆಯಾಗಿ ಮೇಲೇರುತ್ತದೆ. ನಾವು ಎಡಬದಿಯಲ್ಲಿ ಓಡಿಸುವವರಲ್ಲವೇ? ಎದುರಿನವರ ಕಣ್ಣಿಗೆ ಹೊಡೆಯದೆ ನಮ್ಮ ಬದಿಯ ಚರಂಡಿ, ಮೈಲಿಗಲ್ಲು ಕಾಣಲಿ ಅಂತಲೇ ಈ ಏರು.

ಎರಡು ಲೈಟುಗಳ ಗೆರೆ ಬೇರೆ ಬೇರೆ ಎತ್ತರದಲ್ಲಿದ್ದರೆ ಲೈಟಿನ ಹಿಂದಿರುವ ಸ್ಕ್ರೂ ತಿರುಗಿಸಿ ನೋಡಿ. ಗೆರೆ ಸರಿದರೆ ಚಿಂತೆಯಿಲ್ಲ. ಸ್ಕ್ರೂ ಸುಮ್ಮನೆ ತಿರುಗುತ್ತಾ ಗೆರೆ ಅಲ್ಲೇ ನಿಂತಿದ್ದರೆ ಒಳಗಿನ ಪ್ಲಾಸ್ಟಿಕ್ ಹಲ್ಲು ಸವೆದಿದೆ, ಇಲ್ಲವೇ ಲೈಟನ್ನು ಹಿಡಿದಿರುವ ಕಿವಿಗಳು ಮುರಿದಿವೆ. ಕಿವಿ ಮುರಿದು ಅಂಟು ಹಾಕಿದ್ದರೆ ಕಾರು ಮುಂದಿನಿಂದ ಗುದ್ದಿಸಿಕೊಂಡಿರುವ ಸಾಧ್ಯತೆ ಹೆಚ್ಚು. ಒಂದು ಲೈಟು ಹಳದಿಗಟ್ಟಿ ಇನ್ನೊಂದು ಹೊಸದರಂತೆ ಹೊಳೆಯುತ್ತಿದ್ದರೂ ಅದೇ ಅನುಮಾನ ಪಡಿ. ಬಾನೆಟ್ ಕೆಳಗಿನ ಪಟ್ಟಿಯ ಬೋಲ್ಟುಗಳ ಬಣ್ಣ ಎದ್ದಿದೆಯೇ, ಅಂದರೆ ಅವನ್ನು ಹಿಂದೆ ಬಿಚ್ಚಿದ ಗುರುತಿದೆಯೇ ನೋಡಿ.

ಹಳದಿಗಟ್ಟುವುದು ಗಾಜಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಮೇಲಿನ ರಕ್ಷಣಾ ಲೇಪ ಸವೆದ ಮೇಲೆ ಬಿಸಿಲಿನ ಅತಿನೇರಳೆ ಕಿರಣ ಅದನ್ನು ಕೆಡಿಸುತ್ತದೆ. ಮಾರುವವರು ಪಾಲಿಶ್ ಉಜ್ಜಿ ಒಂದೆರಡು ವಾರ ಹೊಳೆಯುವಂತೆ ಮಾಡಿಬಿಡಬಹುದು. ನಿಜವಾದ ರಿಪೇರಿ ಅಂದರೆ 800, 1500, 3000 ನಂಬರಿನ ಎಮೆರಿ ಹಾಳೆಗಳನ್ನು ನೀರು ಹಾಕಿ ಕ್ರಮವಾಗಿ ಉಜ್ಜಿ, ಪಾಲಿಶ್ ಮಾಡಿ, ಅತಿನೇರಳೆ ತಡೆಯುವ ಲೇಪ ಕೊಡುವುದು. ಲೇಪವಿಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಮಂಕು. ಒಳಗಿನ ಬೆಳ್ಳಿಬಣ್ಣದ ರಿಫ್ಲೆಕ್ಟರ್ ಕಪ್ಪಾಗಿದ್ದರೆ ಮಾತ್ರ ಪಾಲಿಶ್ ನಡೆಯದು. ಅದು ಪ್ಲಾಸ್ಟಿಕ್ಕಿನ ಮೇಲೆ ಕೂರಿಸಿದ ಅಲ್ಯೂಮಿನಿಯಂನ ತೆಳು ಪೊರೆ, ಬಟ್ಟೆ ತಾಗಿದರೂ ಎದ್ದುಬರುತ್ತದೆ. ಲೈಟನ್ನೇ ಬದಲಿಸಬೇಕು.

ಲೈಟಿನೊಳಗೆ ತೆಳುವಾಗಿ ಆವಿ ಕಟ್ಟಿ, ಅರ್ಧ ಗಂಟೆ ಉರಿಸಿದ ಮೇಲೆ ಹೋದರೆ ನಮ್ಮ ಹವೆಯಲ್ಲಿ ಅದು ಸಹಜ. ಹನಿಗಳು ಇಳಿಯುತ್ತಿದ್ದರೆ, ತಳದಲ್ಲಿ ನೀರಿನ ಗುರುತಿದ್ದರೆ ಸಹಜವಲ್ಲ. ಕಾರಣ ಬಹಳ ಸಲ ಸಣ್ಣದು: ಎಲ್‌ಇಡಿ ಬಲ್ಬ್ ಹಾಕಿಸುವಾಗ ಹಿಂದಿನ ರಬ್ಬರ್ ಮುಚ್ಚಳ ಕೂರಲಿಲ್ಲವೆಂದು ಕಿತ್ತು ಬಿಟ್ಟಿರುತ್ತಾರೆ.

ಈ ಎಲ್‌ಇಡಿ ಬಲ್ಬಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಹಳೆಯ ಕಾರುಗಳಲ್ಲಿ ಹೆಚ್ಚಾಗಿ ಕಾಣುವ ಎಚ್4 ಬಲ್ಬಿನಲ್ಲಿ ಎರಡು ತಂತುಗಳಿವೆ, ಒಂದು 60 ವಾಟ್, ಇನ್ನೊಂದು 55. ಡಿಮ್ಮಿನ ತಂತುವಿನ ಕೆಳಗೆ ಚಮಚದಂಥ ಒಂದು ಲೋಹದ ತಗಡು ಇದೆ. ಗೋಡೆಯ ಮೇಲಿನ ಗೆರೆ ಹುಟ್ಟುವುದು ಆ ತಗಡಿನಿಂದ. ತಂತು ಒಂದೆರಡು ಮಿಲಿಮೀಟರ್ ಸರಿದರೂ ರಿಫ್ಲೆಕ್ಟರಿನ ಲೆಕ್ಕ ತಪ್ಪುತ್ತದೆ. ಆ ಜಾಗದಲ್ಲಿ ಹೊಂದದ ಎಲ್‌ಇಡಿ ಕೂರಿಸಿದಾಗ ಬೆಳಕು ಕಾರಿನ ಮುಂದೆಯೇ ಚೆಲ್ಲಿ, ದೂರ ಹೋಗದೆ, ಎದುರಿನವರ ಕಣ್ಣು ಕುಕ್ಕುತ್ತದೆ. 100 ವಾಟಿನ ಹ್ಯಾಲೊಜನ್ ಬಲ್ಬಿನ ತೊಂದರೆ ಬೇರೆ. 60 ವಾಟಿಗೆ 5 ಆಂಪಿಯರ್ ಸಾಕು, 100ಕ್ಕೆ 8 ದಾಟುತ್ತದೆ. ವೈರಿನಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ಅನುಗುಣವಾದ್ದರಿಂದ ಸುಮಾರು ಮೂರು ಪಟ್ಟಾಗುತ್ತದೆ. ಹೋಲ್ಡರ್ ಕಳಚಿಸಿ ನೋಡಿ. ಪ್ಲಾಸ್ಟಿಕ್ ಕಂದಾಗಿ, ಪಿನ್ನಿನ ಸುತ್ತ ಕರಗಿದ್ದರೆ ಹಿಂದೆ ಇಂಥ ಬಲ್ಬ್ ಇತ್ತು, ಇಲ್ಲವೇ ಪಿನ್ನು ಸಡಿಲವಾಗಿತ್ತು.

ಬಲ್ಬು ಸರಿಯಿದ್ದೂ ಬೆಳಕು ಕೆಂಪಗಿದ್ದರೆ ಮಲ್ಟಿಮೀಟರ್ ಹಿಡಿಯಿರಿ. ಎಂಜಿನ್ ಚಾಲೂ ಇದ್ದು ಲೈಟು ಉರಿಯುವಾಗ ಬ್ಯಾಟರಿಯಲ್ಲಿ 14 ವೋಲ್ಟ್ ಇದ್ದರೆ ಬಲ್ಬಿನ ಪಿನ್ನಿನಲ್ಲಿ 13.5 ಆದರೂ ಇರಬೇಕು. ಹ್ಯಾಲೊಜನ್ ಬಲ್ಬಿಗೆ ಹತ್ತು ಶೇಕಡಾ ವೋಲ್ಟೇಜ್ ಕಡಿಮೆಯಾದರೆ ಬೆಳಕು ಸುಮಾರು ಮೂವತ್ತು ಶೇಕಡಾ ಕಡಿಮೆಯಾಗುತ್ತದೆ. ಮಲೆನಾಡಿನ ಕಾರುಗಳಲ್ಲಿ ಇದರ ಮೂಲ ಹೆಚ್ಚಾಗಿ ಅರ್ತಿಂಗ್: ಅರ್ತ್ ವೈರನ್ನು ಕಾರಿನ ಲೋಹದ ಮೈಗೆ ಬಿಗಿದ ಬೋಲ್ಟಿನಡಿ ತುಕ್ಕು. ಬೋಲ್ಟ್ ಬಿಚ್ಚಿ, ಎಮೆರಿ ಹಾಳೆಯಲ್ಲಿ ತಿಕ್ಕಿ, ಮತ್ತೆ ಬಿಗಿದು ವ್ಯಾಸಲಿನ್ ಸವರಿದರೆ ಸರಿಹೋಗುತ್ತದೆ. ಕೆಎ-20 ನಂಬರಿನ, ಕರಾವಳಿಯಲ್ಲಿ ಓಡಿದ ಕಾರಾದರೆ ಪಿನ್ನುಗಳಲ್ಲಿ ಹಸಿರು ಕಿಲುಬನ್ನೂ ಹುಡುಕಿ. ಉಪ್ಪುಗಾಳಿಯ ಕೆಲಸ ಅದು.

ಫಾಗ್ ಲ್ಯಾಂಪ್ ಇದ್ದರೆ ಅದರ ಬಣ್ಣಕ್ಕಿಂತ ಅದು ಎಷ್ಟು ಕೆಳಗಿದೆ, ಬೆಳಕು ಎಷ್ಟು ಚಪ್ಪಟೆಯಾಗಿ ಅಗಲಕ್ಕೆ ಹರಡುತ್ತದೆ ಎಂಬುದು ಮುಖ್ಯ. ಮಂಜಿನ ಹನಿಗಳು ಬೆಳಕಿನ ಅಲೆಯುದ್ದಕ್ಕಿಂತ ಬಹಳ ದೊಡ್ಡವು, ಹಾಗಾಗಿ ಹಳದಿ, ಬಿಳಿ ಎನ್ನದೆ ಎಲ್ಲ ಬಣ್ಣವನ್ನೂ ಸುಮಾರು ಒಂದೇ ರೀತಿ ಚದುರಿಸುತ್ತವೆ. ಆಗುಂಬೆಯ ಮಂಜಿನಲ್ಲಿ ಹೈಬೀಮ್ ಹಾಕಿದಾಗ ಎದುರಿಗೆ ಬಿಳಿ ಗೋಡೆ ಎದ್ದು ನಿಲ್ಲುವುದು ಇದರಿಂದಲೇ. ಚದುರಿದ ಬೆಳಕು ನಮ್ಮ ಕಣ್ಣಿಗೇ ವಾಪಸಾಗುತ್ತದೆ.

ಹಿಂಬದಿಯನ್ನು ಇನ್ನೊಬ್ಬರ ಸಹಾಯದಿಂದ ನೋಡಿ: ಬ್ರೇಕ್, ರಿವರ್ಸ್, ನಂಬರ್ ಪ್ಲೇಟ್ ದೀಪ. ಬ್ರೇಕ್ ತುಳಿದಾಗ ಇಂಡಿಕೇಟರೂ ಮಿನುಗಿದರೆ ಅಲ್ಲೂ ಅರ್ತಿಂಗ್ ದೋಷ. ಒಂದು ಬದಿಯ ಇಂಡಿಕೇಟರ್ ಅವಸರವಾಗಿ ಬಡಿದುಕೊಂಡರೆ ಆ ಬದಿಯ ಒಂದು ಬಲ್ಬು ಹೋಗಿದೆ.

ಕೊನೆಗೆ ಟಾರ್ಚು ಹಿಡಿದು ಬಾನೆಟ್ಟಿನೊಳಗೆ, ಲೈಟುಗಳ ಬೆನ್ನ ಹಿಂದೆ ನೋಡಿ. ಕೊಟ್ಟಿಗೆಯ ಪಕ್ಕ, ಅಡಿಕೆ ಮನೆಯ ಚಾವಣಿಯಡಿ ನಿಂತ ಕಾರಾದರೆ ಅಲ್ಲಿ ಒಣಹುಲ್ಲು, ಇಲಿಯ ಹಿಕ್ಕೆ ಸಿಗಬಹುದು. ಸಿಕ್ಕರೆ, ವೈರಿನ ಮೇಲೆ ಹೊಸದಾಗಿ ಟೇಪು ಸುತ್ತಿದ ಜಾಗಗಳನ್ನು ಒಂದೊಂದಾಗಿ ಬಿಚ್ಚಿಸಿ ನೋಡಿದ ಮೇಲೆಯೇ ರೇಟಿನ ಮಾತು ಎತ್ತಿ.